ನಮ್ಮವರು, ಹೊರಗಿನವರು

(ಸ್ವಸಹಾಯ ಸಂಘಗಳ ಮಹಾಸಂಘದ ಪ್ರತಿನಿಧಿಗಳ ತರಬೇತಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತು ನಮಗೆ ಕೊಟ್ಟ ವಿಷಯ 'ಸಂಘಗಳಲ್ಲಿ ಪಕ್ಷಪಾತ'. ಆಮಂತ್ರಣ ಪತ್ರ ತಲುಪಿದ ದಿನವೇ ಇಬ್ಬರು ಪ್ರತಿನಿಧಿಗಳು ಫೋನ್ ಮಾಡಿ, "ಸಿಸ್ಟರ್, ಇದು ನಮ್ಮ ಸಂಘದ ಬಗ್ಗೆಯಾ?" ಅಂತ ಕೇಳಿದರು. ಇಬ್ಬರೂ ಬೇರೆ ಬೇರೆ ತಾಲ್ಲೂಕಿನವರು. ಹೌದು, ನಿಮ್ಮ ಸಂಘದ ಬಗ್ಗೆಯೇ. ನಮ್ಮ ಕಾನ್ವೆಂಟಿನ ಬಗ್ಗೆಯೂ ಹೌದು. ಆದ್ದರಿಂದ ಮೊದಲು ನಮ್ಮ ತಪ್ಪಿನಿಂದಲೇ ಶುರು ಮಾಡುತ್ತೇವೆ.

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆಯ್ತು, ನೆನಪಿದೆ ಅಲ್ಲವೇ? ಏಪ್ರಿಲ್ ಎರಡನೇ ವಾರ ಆಹಾರ ಕಿಟ್ ಹಂಚಲು ನಮಗೆ ಹಣ ಬಂತು. ಅಕ್ಕಿ, ತೊಗರಿಬೇಳೆ, ಎಣ್ಣೆ, ಉಪ್ಪು, ಖಾರದ ಪುಡಿ, ಎರಡು ಸಾಬೂನು. ನಮ್ಮ ವಲಯಕ್ಕೆ 120 ಕಿಟ್. ಓಡಾಡಲು ಪಾಸ್ ಸಿಗುವುದೇ ಕಷ್ಟವಿದ್ದ ಕಾಲ. ಹಾಗಾಗಿ ಪಟ್ಟಿ ಮಾಡುವ ಕೆಲಸವನ್ನು ಫೋನಿನಲ್ಲೇ ವಹಿಸಿದೆವು. ಕೆಲವು ಊರುಗಳಲ್ಲಿ ಮಹಿಳಾ ಸಂಘದ ಪ್ರತಿನಿಧಿಗಳಿಗೆ, ಕೆಲವು ಊರುಗಳಲ್ಲಿ ಪಾಲನಾ ಮಂಡಳಿಯ ಮತ್ತು ರೈತ ಕೂಟದ ಗಂಡಸರಿಗೆ.

ಎರಡು ದಿನದಲ್ಲಿ ಪಟ್ಟಿಗಳು ಬಂದವು. ಗಂಡಸರ ಪಟ್ಟಿಯಲ್ಲಿ ಅವರವರ ಕೇರಿಯವರೇ ತುಂಬಿದ್ದರು. ಒಂದೇ ಒಲೆಯಲ್ಲಿ ಉಣ್ಣುವ ತಂದೆ ಮಗ ಬೇರೆ ಬೇರೆ ಕುಟುಂಬ ಅಂತ ಎರಡು ಸಲ ಇದ್ದರು. ಒಬ್ಬರಂತೂ ಮುಚ್ಚುಮರೆ ಇಲ್ಲದೆ, "ಪಕ್ಕದ ಊರಿನವರು ಇಪ್ಪತ್ತೈದು ತಗೊಂಡಿದ್ದಾರಂತೆ ಸಿಸ್ಟರ್, ನಮಗೆ ಮೂವತ್ತಾದರೂ ಬೇಡವಾ?" ಅಂದರು. ಹೆಂಗಸರ ಪಟ್ಟಿ ಹೀಗಿರಲಿಲ್ಲ. ಸ್ವಂತ ತಂಗಿಯ, ನಾದಿನಿಯ ಹೆಸರು ಹಾಕಿಕೊಳ್ಳಲು ಅವರಿಗೆ ಸಂಕೋಚ. ಆದರೆ ಹೆಸರು ಹೊಡೆದು ಹಾಕುವುದರಲ್ಲಿ ಅವರು ಬಹಳ ಗಟ್ಟಿ. "ಅವರ ರೇಷನ್ ಕಾರ್ಡ್ ಇಲ್ಲಿಯದಲ್ಲ." "ಲೈನಿನವರನ್ನು ತೋಟದ ಸಾಹುಕಾರರು ನೋಡಿಕೊಳ್ತಾರೆ." "ಅವರಿಗೆ ಕೊಟ್ಟು ಇಲ್ಲಿಯವರಿಗೆ ಕಡಿಮೆ ಬಿದ್ದರೆ ನಾಳೆ ಬೈಸಿಕೊಳ್ಳೋದು ನಾವು."

ಒಂದು ಪಟ್ಟಿ ನಮ್ಮವರಿಗೆ ಜಾಸ್ತಿ ಕೊಟ್ಟಿತು, ಇನ್ನೊಂದು ಹೊರಗಿನವರನ್ನು ಬಾಗಿಲಲ್ಲೇ ನಿಲ್ಲಿಸಿತು. ಎರಡನ್ನೂ ಕೂಡಿಸಿ ನೋಡಿದರೆ, ಗುಡ್ಡದ ಮೇಲಿನ ಕಾಫಿ ತೋಟದ ಲೈನಿನಲ್ಲಿದ್ದ 11 ಕುಟುಂಬಗಳಿಗೆ ಏನೂ ಇರಲಿಲ್ಲ. ಆದರೆ ಆವತ್ತು ನಾವು ಕೂಡಿಸಿ ನೋಡಲೇ ಇಲ್ಲ. ಸಹಿ ಹಾಕಿದೆವು. ಹಾಕುವ ಮುಂಚೆ, ಕಾನ್ವೆಂಟಿಗೆ ಅಡುಗೆಗೆ ಬರುವ ಅಕ್ಕನ ಹೆಸರು ಬಿಟ್ಟು ಹೋಗಿದೆ ಅಂತ ಕೈಯಾರೆ ಸೇರಿಸಿದೆವು. ಉಳಿದ ಆರು ಕಿಟ್‌ಗಳನ್ನು 'ಯಾವುದಕ್ಕೂ ಇರಲಿ' ಅಂತ ಉಗ್ರಾಣದಲ್ಲಿಟ್ಟು ಬೀಗ ಹಾಕಿದೆವು.

ಹನ್ನೆರಡು ದಿನ ಆದ ಮೇಲೆ ಲೈನಿನ ಒಬ್ಬ ತಾಯಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಆರು ಕಿಲೋಮೀಟರ್ ನಡೆದು ನಮ್ಮ ಗೇಟಿಗೆ ಬಂದರು. ಉತ್ತರ ಕರ್ನಾಟಕದ ಕಡೆಯವರು. ಕಿಟ್ ಕೇಳಲಿಲ್ಲ, ಅಂಥದ್ದೊಂದು ಇದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ. "ಅಮ್ಮಾರ, ಊರಿಗಿ ಹೋಗಾಕ ಒಂದ್ ಪಾಸ್ ಮಾಡಿಸಿ ಕೊಡ್ರಿ" ಅಂದರು. ತೋಟದಲ್ಲಿ ಕೆಲಸ ನಿಂತಿತ್ತು, ಅಂಗಡಿಯಲ್ಲಿ ಸಾಲ ನಿಂತಿತ್ತು. ಬೀಗ ತೆಗೆದು ಆ ಆರು ಕಿಟ್ ಜೀಪಿಗೆ ಹಾಕಿ ಕಳಿಸಿದೆವು. ಉಳಿದ ಐದು ಮನೆಗೆ ಬೇರೆ ಕಡೆಯಿಂದ ಹೊಂದಿಸಬೇಕಾಯ್ತು. ಈ ತಾಯಿಯ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ನಾವು ಎಂ.ಎಸ್.ಡಬ್ಲ್ಯೂ. ಓದುವಾಗ ಹೆನ್ರಿ ತಾಜ್‌ಫೆಲ್ ಎಂಬವರ ಪ್ರಯೋಗ ಪಾಠಕ್ಕೆ ಇತ್ತು. ಪರೀಕ್ಷೆಗೆ ಓದಿ ಮರೆತದ್ದು. ಆ ಏಪ್ರಿಲ್ ತಿಂಗಳ ನಂತರ ಮತ್ತೆ ಪುಸ್ತಕ ಹುಡುಕಿ ಓದಿದೆವು. ತಾಜ್‌ಫೆಲ್ 1919ರಲ್ಲಿ ಪೋಲೆಂಡಿನಲ್ಲಿ ಹುಟ್ಟಿದ ಯೆಹೂದ್ಯರು. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯದಲ್ಲಿದ್ದು ಜರ್ಮನರಿಗೆ ಸೆರೆ ಸಿಕ್ಕವರು. ಯುದ್ಧ ಮುಗಿದಾಗ ಅವರ ಹತ್ತಿರದ ಮನೆಯವರು ಯಾರೂ ಬದುಕಿರಲಿಲ್ಲ. ಮನುಷ್ಯರು 'ನಮ್ಮವರು, ಅವರು' ಅಂತ ಭಾಗವಾಗುವುದು ಯಾಕೆ ಎಂಬ ಪ್ರಶ್ನೆ ಅವರಿಗೆ ಬರೀ ಪಾಠದ ಪ್ರಶ್ನೆ ಆಗಿರಲಿಲ್ಲ.

1970ರಲ್ಲಿ ಪ್ರಕಟವಾದ ಆ ಪ್ರಯೋಗ ಸುಲಭವಾದದ್ದು. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಒಂದೇ ಶಾಲೆಯ 14, 15 ವರ್ಷದ ಹುಡುಗರಿಗೆ ಪರದೆಯ ಮೇಲೆ ಚುಕ್ಕೆಗಳನ್ನು ತೋರಿಸಿ ಎಷ್ಟಿವೆ ಅಂತ ಕೇಳಿದರು. ಇನ್ನೊಂದು ಸಲ ಕ್ಲೀ, ಕ್ಯಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರಗಳಲ್ಲಿ ಯಾವುದು ಇಷ್ಟ ಅಂತ ಕೇಳಿದರು. ಇದರ ಮೇಲೆ ಎರಡು ಗುಂಪು ಮಾಡಿದ್ದೇವೆ ಎಂದು ಹೇಳಿದರು. ನಿಜವಾಗಿ ಗುಂಪು ಮಾಡಿದ್ದು ಸುಮ್ಮನೆ ಚೀಟಿ ಎತ್ತಿದ ಹಾಗೆ. ಆಮೇಲೆ ಪ್ರತಿಯೊಬ್ಬ ಹುಡುಗನೂ ಒಬ್ಬನೇ ಕೂತು ಬೇರೆ ಇಬ್ಬರಿಗೆ ಹಣ ಹಂಚಬೇಕು. ಅವರು ಯಾರು ಅಂತ ಗೊತ್ತಿಲ್ಲ, ಒಂದು ನಂಬರು ಮತ್ತು ಯಾವ ಗುಂಪು ಅನ್ನುವುದು ಮಾತ್ರ ಗೊತ್ತು. ಹಂಚುವವನಿಗೆ ಅದರಲ್ಲಿ ಒಂದು ಕಾಸೂ ಇಲ್ಲ. ಆದರೂ ಹೆಚ್ಚಿನ ಹುಡುಗರು ತಮ್ಮ ಗುಂಪಿನವನಿಗೇ ಜಾಸ್ತಿ ಕೊಟ್ಟರು. ಇನ್ನೂ ಆಶ್ಚರ್ಯ ಏನೆಂದರೆ, ಎರಡೂ ಗುಂಪಿಗೆ ಹೆಚ್ಚು ಸಿಗುವ ದಾರಿ ಇದ್ದಾಗಲೂ ಅದನ್ನು ಬಿಟ್ಟು, ತಮ್ಮವನಿಗೆ ಸ್ವಲ್ಪ ಕಡಿಮೆಯಾದರೂ ಸರಿ, ಅವನಿಗಿಂತ ಜಾಸ್ತಿ ಇರಲಿ ಎಂದು ಹಂಚಿದರು. 'ನಮಗೆ ಮೂವತ್ತಾದರೂ ಬೇಡವಾ' ಅಂದವರ ಲೆಕ್ಕವೂ ಇದೇ.

ಇಲ್ಲಿ ಒಂದು ಮಾತು. ಬ್ರಿಸ್ಟಲ್‌ನಲ್ಲಿ ಇದ್ದದ್ದು ಬರೀ ಹುಡುಗರು. ಅದಕ್ಕೂ ಮುಂಚೆ, 1954ರಲ್ಲಿ, ಅಮೆರಿಕದ ಓಕ್ಲಹೋಮದಲ್ಲಿ ಮುಜಫರ್ ಶೆರಿಫ್ ನಡೆಸಿದ ಬೇಸಿಗೆ ಶಿಬಿರದ ಪ್ರಯೋಗದಲ್ಲೂ 22 ಜನ ಹುಡುಗರೇ. ಹುಡುಗಿಯರು ಎಲ್ಲಿ ಹೋಗಿದ್ದರು ಅಂತ ನಮ್ಮ ತರಗತಿಯಲ್ಲಿ ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. 'ಮನುಷ್ಯ ಸ್ವಭಾವ' ಅಂತ ಬರೆದುಕೊಂಡು ಬಂದೆವು.

ಹೆಂಗಸರ ವಿಷಯಕ್ಕೆ ಬಂದರೆ ನಮ್ಮ ಕಡೆ ಒಂದು ಮಾತು ಸಿದ್ಧವಾಗಿಯೇ ಇದೆ: ಹೆಣ್ಣಿಗೆ ಹೆಣ್ಣೇ ಶತ್ರು. ಸಂಘದಲ್ಲಿ ಸ್ವಲ್ಪ ಜಗಳವಾದರೆ ಸಾಕು, ಗಂಡಸರು ಜಗಲಿಯಲ್ಲಿ ಕೂತು ಇದನ್ನು ಹೇಳುತ್ತಾರೆ. 2004ರಲ್ಲಿ ಲಾರಿ ರಡ್‌ಮನ್, ಸ್ಟೆಫನಿ ಗುಡ್‌ವಿನ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞೆಯರು ಪ್ರಕಟಿಸಿದ ಅಧ್ಯಯನ ಇದಕ್ಕೆ ಉಲ್ಟಾ ಇದೆ. ಯೋಚಿಸಲು ಸಮಯ ಕೊಡದೆ, ಕಂಪ್ಯೂಟರಿನಲ್ಲಿ ಥಟ್ಟನೆ ಬರುವ ಪ್ರತಿಕ್ರಿಯೆಯನ್ನು ಅಳೆದಾಗ, ಹೆಂಗಸರಿಗೆ ಹೆಂಗಸರ ಮೇಲೆ ಇರುವ ಒಲವು ಗಂಡಸರಿಗೆ ಗಂಡಸರ ಮೇಲೆ ಇರುವ ಒಲವಿಗಿಂತ ಬಹಳ ಜಾಸ್ತಿ ಎಂದು ಕಂಡಿತು. ಚಿಕ್ಕಂದಿನಿಂದ ತಾಯಿಯ ಕಡೆಗಿರುವ ಅಂಟು, ಗಂಡಸು ಎಂದರೆ ಮನಸ್ಸಿನ ಮೂಲೆಯಲ್ಲಿ ಬರುವ ಹೊಡೆತ ಬಡಿತದ ಭಯ, ಇವೆಲ್ಲ ಕಾರಣ ಇರಬಹುದು ಎಂದು ಅವರು ತೋರಿಸಿದರು. ಪ್ರಯೋಗದಲ್ಲಿದ್ದವರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳು. ನಮ್ಮ ತೋಟದ ಲೈನಿಗೆ ಅದನ್ನು ನೇರವಾಗಿ ತಂದು ಹಚ್ಚಬಾರದು, ಒಪ್ಪುತ್ತೇವೆ. ಆದರೆ ಆ ಗಾದೆಮಾತನ್ನು ಇನ್ನು ಮೇಲೆ ಸಭೆಯಲ್ಲಿ ಯಾರಾದರೂ ಹೇಳಿದರೆ ಸುಮ್ಮನಿರಬೇಡಿ.

ಹೆಂಗಸರು ಯಾರನ್ನು 'ನಮ್ಮವರು' ಅನ್ನುತ್ತಾರೆ, ಗಂಡಸರು ಯಾರನ್ನು ಅನ್ನುತ್ತಾರೆ ಎನ್ನುವುದರಲ್ಲೂ ವ್ಯತ್ಯಾಸ ಕಂಡಿದ್ದಾರೆ. 2005ರಲ್ಲಿ ಮ್ಯಾಡಕ್ಸ್ ಮತ್ತು ಬ್ರೂವರ್ ಎಂಬವರು ಪ್ರಕಟಿಸಿದ ಅಧ್ಯಯನದಲ್ಲಿ, ಗೊತ್ತಿಲ್ಲದ ಒಬ್ಬರನ್ನು ನಂಬಲು ಗಂಡಸರಿಗೆ 'ನಮ್ಮ ಕಾಲೇಜಿನವನು' ಎಂಬ ಗುರುತು ಮುಖ್ಯವಾಗಿತ್ತು. ಹೆಂಗಸರು ಹಾಗಲ್ಲ. ಬೇರೆ ಕಾಲೇಜಿನವರಾದರೂ ಅಲ್ಲಿ ತಮಗೆ ಪರಿಚಯದವರು ಯಾರಾದರೂ ಇದ್ದರೆ ಅಲ್ಲಿನ ಅಪರಿಚಿತರನ್ನೂ ನಂಬಿದರು. ಇದನ್ನು ಓದುವಾಗ ನಮಗೆ ನೆನಪಾದದ್ದು ಆ ಎರಡು ಊರಿನ ನೀರಿನ ಜಗಳ. ಯಾವ ಊರು ಅಂತ ಹೇಳುವುದಿಲ್ಲ, ಇಲ್ಲಿ ಎರಡೂ ಊರಿನವರು ಕೂತಿದ್ದೀರಿ. ಕೊಳವೆ ಬಾವಿ ಎಲ್ಲಿ ಕೊರೆಸಬೇಕು ಅಂತ ಶುರುವಾದದ್ದು. ತಮ್ಮತಮ್ಮಲ್ಲೇ ಮಾತು ಬಿಟ್ಟಿದ್ದ ಗಂಡಸರು ಕೂಡ ಪಕ್ಕದ ಊರಿನ ಮೇಲೆ ಅಂದ ಕೂಡಲೇ ಒಂದಾದರು, ಚಂದಾ ಎತ್ತಿದರು, ರಾತ್ರಿ ಕಾವಲು ಕೂತರು. ಇಂಗ್ಲೆಂಡಿನ ವಿದ್ಯಾರ್ಥಿಗಳ ಮೇಲೆ ಮಾರ್ಕ್ ವಾನ್ ವುಗ್ಟ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಹೀಗೇ: ಇನ್ನೊಂದು ಗುಂಪಿನ ಜೊತೆ ಪೈಪೋಟಿ ಇದೆ ಎಂದಾಗ ಗಂಡಸರು ತಮ್ಮ ಗುಂಪಿಗೆ ಹೆಚ್ಚು ಹಣ ಹಾಕಿದರು, ಹೆಂಗಸರು ಹಾಕುವುದರಲ್ಲಿ ಅಂಥ ವ್ಯತ್ಯಾಸ ಆಗಲಿಲ್ಲ.

ಆ ಜಗಳದ ಸಮಯದಲ್ಲಿ ಹೆಂಗಸರು ಏನು ಮಾಡಿದರು? ಬೆಳಿಗ್ಗೆ ಐದು ಗಂಟೆಗೆ ಎರಡೂ ಊರಿನವರು ಒಂದೇ ಬಾವಿಯಲ್ಲಿ ನೀರು ಸೇದಿದರು. ಯಾಕೆಂದರೆ ಈ ಊರಿನ ಎಷ್ಟೋ ಸೊಸೆಯಂದಿರ ತವರು ಆ ಊರು. ಮದುವೆಯಾಗಿ ಮನೆ ಬಿಟ್ಟು ಬಂದವಳಿಗೆ 'ನಮ್ಮೂರು' ಅನ್ನುವುದು ಎರಡು ಇರುತ್ತದೆ. ಇದನ್ನು ಕೇಳಿ ಹೆಂಗಸರು ದೊಡ್ಡವರು ಅಂತ ಚಪ್ಪಾಳೆ ತಟ್ಟುವುದು ಬೇಡ. ಇದೇ ದಾರಿಯಲ್ಲಿ ಅತ್ತಿಗೆ, ನಾದಿನಿ, ಓರಗಿತ್ತಿ ಎಲ್ಲರೂ ಒಂದೇ ಸಂಘದಲ್ಲಿ ಬಂದು ಕೂರುತ್ತಾರೆ. ಯಾರಿಗೂ ಸಂಬಂಧ ಇಲ್ಲದ, ಯಾರ ತವರಿನಿಂದಲೂ ಬರದ ಹೆಂಗಸಿಗೆ ಆ ಬಾವಿಯ ಹತ್ತಿರ ಯಾರೂ ಪರಿಚಯದವರಿಲ್ಲ.

ಈಗ ಇವತ್ತಿನ ಮುಖ್ಯ ವಿಷಯ. ಕಾಫಿ, ಮೆಣಸು ಬೆಳೆಯುವವರಿಗೆ ಇದನ್ನು ಹೇಳುವುದು ಸುಲಭ. ಕೈಯಲ್ಲಿ ಸ್ವಲ್ಪ ದುಡ್ಡು ಬಂದರೆ ಒಬ್ಬರು ಹೊಸದಾಗಿ ನೂರು ಬಳ್ಳಿ ನೆಡುತ್ತಾರೆ. ಇನ್ನೊಬ್ಬರು ಮಳೆ ಹಿಡಿಯುವ ಮುಂಚೆ ಇರುವ ಬಳ್ಳಿಗೆ ಬೋರ್ಡೋ ಹೊಡೆಸುತ್ತಾರೆ. ಒಬ್ಬರದು ಇನ್ನಷ್ಟು ಗಳಿಸುವ ಮನಸ್ಸು, ಇನ್ನೊಬ್ಬರದು ಇದ್ದದ್ದನ್ನು ಕಳೆದುಕೊಳ್ಳದೆ ಕಾಯುವ ಮನಸ್ಸು. ಕೊಲಂಬಿಯಾ ವಿಶ್ವವಿದ್ಯಾಲಯದ ಟೋರಿ ಹಿಗ್ಗಿನ್ಸ್ 1997ರಲ್ಲಿ ಈ ಎರಡು ರೀತಿಯ ಪ್ರೇರಣೆಯನ್ನು ವಿವರವಾಗಿ ಬರೆದರು. ಎರಡೂ ಎಲ್ಲರಲ್ಲೂ ಇರುತ್ತವೆ, ಕೆಲವರಲ್ಲಿ ಒಂದು ಜೋರು, ಕೆಲವು ಸಂದರ್ಭದಲ್ಲಿ ಒಂದು ಜೋರು.

2004ರಲ್ಲಿ ಹಿಗ್ಗಿನ್ಸ್ ಅವರೂ ಅವರ ಜೊತೆಗಾರರೂ ಇದನ್ನು 'ನಮ್ಮವರು' ಎಂಬ ಒಲವಿಗೆ ಹೊಂದಿಸಿ ನೋಡಿದರು. ಕಾಯುವ ಕೋಣೆಯಲ್ಲಿ ಕುರ್ಚಿಗಳ ಸಾಲು, ಒಂದರ ಮೇಲೆ ಒಂದು ಚೀಲ. ಆ ಚೀಲ ನಿಮ್ಮ ತಂಡದವರದು ಎಂದರೆ ಎಷ್ಟು ಹತ್ತಿರ ಕೂರುತ್ತೀರಿ, ಎದುರಾಳಿಯದು ಎಂದರೆ ಎಷ್ಟು ದೂರ ಕೂರುತ್ತೀರಿ? ಗಳಿಸುವ ಮನಸ್ಸು ಜೋರಾಗಿದ್ದವರು ತಮ್ಮವರ ಹತ್ತಿರಕ್ಕೆ ಹೋಗಿ ಕೂತರು. ಕಾಯುವ ಮನಸ್ಸಿನವರು ಎದುರಾಳಿಯಿಂದ ದೂರ ಕೂತರು. ಅಂದರೆ ಪಕ್ಷಪಾತ ಅಂತ ನಾವು ಒಂದೇ ಹೆಸರಿನಲ್ಲಿ ಕರೆಯುವುದು ಎರಡು ಬೇರೆ ಕೆಲಸಗಳು. ನಮ್ಮವರನ್ನು ಎಳೆದುಕೊಳ್ಳುವುದು ಒಂದು, ಬೇರೆಯವರನ್ನು ತಳ್ಳುವುದು ಇನ್ನೊಂದು. 2020ರ ನಮ್ಮ ಎರಡು ಬಗೆಯ ಪಟ್ಟಿಗಳನ್ನು ಈಗ ನೆನಪು ಮಾಡಿಕೊಳ್ಳಿ.

ಹಾಗಾದರೆ ಗಂಡಸಿಗೆ ಗಳಿಸುವ ಮನಸ್ಸು, ಹೆಂಗಸಿಗೆ ಕಾಯುವ ಮನಸ್ಸು ಅಂತ ದೇವರು ಹಂಚಿ ಕಳಿಸಿದ್ದಾರಾ? ನಮಗೆ ಹಾಗೆ ಅನಿಸುವುದಿಲ್ಲ. ಇಷ್ಟು ವರ್ಷ ಸಂಘಗಳ ಜೊತೆ ಕೆಲಸ ಮಾಡಿ ನಾವು ಕಂಡದ್ದು ಬೇರೆ. ಪಲ್ಪರ್ ಯಂತ್ರ ತಂದಾಗ ಒಂದು ರೈತ ಕೂಟದವರು ಊರೂರಿಗೆ ಬಾಡಿಗೆಗೆ ಕೊಟ್ಟು ಮೀಸೆ ತಿರುವಿದರು. ರಿಪೇರಿ ಖರ್ಚು ಸದಸ್ಯರೇ ಹಾಕಬೇಕು ಅಂತ ಆದ ಮರು ತಿಂಗಳೇ 'ಹೊರಗಿನವರಿಗೆ ಕೊಡತಕ್ಕದ್ದಲ್ಲ' ಅಂತ ನಿರ್ಣಯ ಬರೆದರು. ಅವೇ ಗಂಡಸರು, ಅದೇ ಯಂತ್ರ. ಇತ್ತ ನಮ್ಮ ಸಂಘದಿಂದ ಗ್ರಾಮ ಪಂಚಾಯಿತಿಗೆ ಆರಿಸಿ ಹೋದ ಒಬ್ಬ ಅಕ್ಕ, ಸಂಘದಲ್ಲಿದ್ದಾಗ ಹತ್ತು ರೂಪಾಯಿ ಹೆಚ್ಚು ಖರ್ಚಿಗೂ ಹೆದರುತ್ತಿದ್ದವರು, ಎರಡೇ ವರ್ಷದಲ್ಲಿ ಮೂರು ಚರಂಡಿಯನ್ನೂ ತಮ್ಮ ಬೀದಿಗೇ ತಂದರು! ಕೇಳಿದರೆ, "ಮತ್ತೆ ಓಟು ಹಾಕಿದವರು ಯಾರು ಸಿಸ್ಟರ್?" ಅಂತ ನಮ್ಮನ್ನೇ ಕೇಳಿದರು.

ಹೆಂಗಸರು ಅಧಿಕಾರಕ್ಕೆ ಬಂದಾಗ ಏನಾಗುತ್ತದೆ ಅಂತ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ ಪಶ್ಚಿಮ ಬಂಗಾಳ, ರಾಜಸ್ಥಾನಗಳ 265 ಗ್ರಾಮ ಪಂಚಾಯಿತಿಗಳನ್ನು ನೋಡಿ 2004ರಲ್ಲಿ ಬರೆದಿದ್ದಾರೆ. ಮಹಿಳಾ ಮೀಸಲಾತಿ ಇದ್ದ ಕಡೆ, ಹೆಂಗಸರು ಹೆಚ್ಚು ಕೇಳುತ್ತಿದ್ದ ಕುಡಿಯುವ ನೀರಿನಂಥ ಕೆಲಸಗಳಿಗೆ ಹೆಚ್ಚು ಹಣ ಹೋಗಿತ್ತು. ಇದು ಪಕ್ಷಪಾತವೋ, ಬಹಳ ದಿನದ ಬಾಕಿ ತೀರಿಸಿದ್ದೋ? ನಾವು ಎರಡನೆಯದು ಅನ್ನುತ್ತೇವೆ. ಇಲ್ಲಿ ಕೂತಿರುವ ಕೆಲವು ಸಹೋದರರು ಒಪ್ಪಲಿಕ್ಕಿಲ್ಲ, ಊಟದ ನಂತರ ಮಾತಾಡೋಣ.

ನಮ್ಮ ಅಭಿಪ್ರಾಯ ಇಷ್ಟು: ನಷ್ಟವಾದರೆ ಯಾರ ಕುತ್ತಿಗೆಗೆ ಬರುತ್ತದೋ ಅವರು ಬಾಗಿಲು ಕಾಯುತ್ತಾರೆ. ನಮ್ಮ ಮನೆಗಳಲ್ಲಿ ಅಕ್ಕಿ ಡಬ್ಬಿ ಖಾಲಿಯಾದರೆ ಉತ್ತರ ಕೊಡಬೇಕಾದವಳು ಹೆಂಗಸು. ನಮ್ಮ ಸಂಘಗಳಲ್ಲಿ ಕಂತು ತಪ್ಪಿದರೆ ಉತ್ತರ ಕೊಡಬೇಕಾದವಳೂ ಅವಳೇ. ಈ ಎರಡನೆಯದನ್ನು ಹೇರಿದ್ದು ನಾವು, ನಾವು ಎಂದರೆ ಸಂಸ್ಥೆಗಳು, ಬ್ಯಾಂಕುಗಳು. 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯತ್ನ ಶುರು ಮಾಡಿದಾಗಿನಿಂದ, 2000ದಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಬಂದ ಮೇಲೂ, ಆಸ್ತಿ ಇಲ್ಲದ ಹೆಂಗಸರಿಗೆ ಸಾಲ ಸಿಕ್ಕಿದ್ದು ಈ ಒಗ್ಗಟ್ಟಿನ ಬಲದ ಮೇಲೆ. ಹತ್ತರಿಂದ ಇಪ್ಪತ್ತು ಜನ, ಒಬ್ಬರು ಕಟ್ಟದಿದ್ದರೆ ಉಳಿದವರ ಹೆಸರೂ ಕೆಡುತ್ತದೆ. ಒಳ್ಳೆಯ ಪದ್ಧತಿಯೇ. ಅದರಿಂದ ನೀವು ಮನೆ ಕಟ್ಟಿದ್ದೀರಿ, ಮಕ್ಕಳನ್ನು ಓದಿಸಿದ್ದೀರಿ. ಆದರೆ ಆ ಒಗ್ಗಟ್ಟಿನೊಳಗೇ ಭಯವೂ ಇದೆ. ಯಾರನ್ನು ಸೇರಿಸಿಕೊಂಡರೆ ಅಪಾಯ ಅಂತ ಮೊದಲು ನೋಡುವುದನ್ನು ನಾವೇ ನಿಮಗೆ ಕಲಿಸಿದೆವು.

ಗೇಟಿಗೆ ಬಂದಿದ್ದ ಆ ತಾಯಿ 2020ರಲ್ಲಿ ಊರಿಗೆ ಹೋಗಲಿಲ್ಲ. ಪಾಸ್ ಆಗುವಷ್ಟರಲ್ಲಿ ತೋಟದಲ್ಲಿ ಕೆಲಸ ಶುರುವಾಯ್ತು, ಉಳಿದರು. 2022ರಲ್ಲಿ ಹತ್ತಿರದ ಸಂಘಕ್ಕೆ ಸೇರಬೇಕು ಅಂತ ಬಂದು ಕೇಳಿದರು. 14 ಜನರ ಸಂಘ, ಇನ್ನೂ ಆರು ಜನಕ್ಕೆ ಜಾಗ ಇತ್ತು. ನಡವಳಿ ಪುಸ್ತಕದಲ್ಲಿ ಮೂರು ಕಡೆ ಇದೆ: 'ಸದ್ಯಕ್ಕೆ ಬೇಡ ಎಂದು ತೀರ್ಮಾನಿಸಲಾಯಿತು.' ಕಾರಣ ಕೇಳಿದಾಗ ಅಧ್ಯಕ್ಷೆ ಅಕ್ಕ, "ರಾತ್ರೋರಾತ್ರಿ ಊರು ಬಿಟ್ಟರೆ ಯಾರು ಕಟ್ಟೋದು ಸಿಸ್ಟರ್?" ಅಂದರು. ಈ ಹೆಂಗಸರು ಕಲ್ಲು ಮನಸ್ಸಿನವರು ಅಂತ ತಿಳಿಯಬೇಡಿ. ಅದೇ ವರ್ಷ ಆ ತಾಯಿಗೆ ಎರಡನೇ ಹೆರಿಗೆ ಆದಾಗ ಬಾಣಂತಿಗೆ ಬೆಳ್ಳುಳ್ಳಿ, ತುಪ್ಪ, ಮಗುವಿಗೆ ಹಳೆ ಸೀರೆಯ ಬಟ್ಟೆ ಕಳಿಸಿದವರು ಇವರೇ. ಲೈನಿಗೆ ಹೋಗಿ ಎರಡು ದಿನ ನೀರು ಹಾಕಿ ಬಂದವರೂ ಈ ಸಂಘದವರೇ. ಕೊಡುವುದಕ್ಕೆ ಅವರಿಗೆ ಕಷ್ಟ ಇರಲಿಲ್ಲ. ತಮ್ಮ ಹೆಸರಿನ ಪಕ್ಕದಲ್ಲಿ ಅವರ ಹೆಸರು ಬರೆಯುವುದು ಕಷ್ಟವಾಯ್ತು.

ಸಂಘದಲ್ಲಿ ಸಿಗದ ಸಾಲ ವಾರದ ಕಂತಿನ ಫೈನಾನ್ಸಿನವರಲ್ಲಿ ಸಿಕ್ಕಿತು. ಮೊದಲು ಒಂದು, ಅದನ್ನು ಕಟ್ಟಲು ಇನ್ನೊಂದು. ಈ ವಸೂಲಿಯ ಕಾಟ ರಾಜ್ಯದಲ್ಲಿ ಎಲ್ಲಿಗೆ ಮುಟ್ಟಿತು ಅಂತ ನಿಮಗೆ ಗೊತ್ತು. 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯ್ತು. ಆ ತಾಯಿಗೆ ಅದು ತಡವಾಯ್ತು. 2024ರ ಜನವರಿಯಲ್ಲಿ, ಕಾಫಿ ಕೊಯ್ಲಿನ ನಡುವೆ, ಗಂಡ ಹೆಂಡತಿ ಇಬ್ಬರು ಮಕ್ಕಳನ್ನು ಕರೆದುಕೊಂಡು ರಾತ್ರಿ ಲೈನ್ ಬಿಟ್ಟು ಹೋದರು. ದೊಡ್ಡ ಮಗುವಿನ ಅಂಗನವಾಡಿ ಚೀಲ ಗೂಟದಲ್ಲೇ ಇತ್ತು.

ಮುಂದಿನ ಸಭೆಯಲ್ಲಿ ಅಧ್ಯಕ್ಷೆ ಅಕ್ಕ ನಮಗೆ, "ನೋಡಿದ್ರಾ ಸಿಸ್ಟರ್, ನಾವು ಹೇಳಿರಲಿಲ್ವಾ?" ಅಂದರು. ಸಂಘದವರೆಲ್ಲ ತಲೆ ಆಡಿಸಿದರು. ನಾವು ಸುಮ್ಮನಿದ್ದೆವು. ಅವರು ಓಡಿ ಹೋಗುತ್ತಾರೆ ಅಂತ ಸಂಘ ಸೇರಿಸಲಿಲ್ಲ, ಸಂಘ ಸೇರಿಸದ್ದರಿಂದ ಅವರು ಓಡಿ ಹೋಗಬೇಕಾಯ್ತು. ಇದನ್ನು ಆವತ್ತು ಬಾಯಿಬಿಟ್ಟು ಹೇಳಲು ನಮಗೆ ಧೈರ್ಯ ಬರಲಿಲ್ಲ. ಆ ಸಭೆಯಲ್ಲಿ ಹೇಳದೆ ಇದ್ದದ್ದನ್ನು ಇವತ್ತು ಹೇಳುತ್ತಿದ್ದೇವೆ.

ಪ್ರೇಷಿತರ ಕಾರ್ಯಕಲಾಪಗಳ ಆರನೇ ಅಧ್ಯಾಯದಲ್ಲಿ ಇಂಥದ್ದೇ ಒಂದು ಪಟ್ಟಿಯ ತಕರಾರು ಬರುತ್ತದೆ. ಜೆರುಸಲೇಮಿನ ಮೊದಲ ಕ್ರೈಸ್ತ ಸಭೆ, ಎಲ್ಲವನ್ನೂ ಹಂಚಿಕೊಂಡು ಬಾಳುತ್ತಿದ್ದವರು. ಅಲ್ಲಿಯೂ ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಅಂತ ದೂರು ಬಂತು. ಹೀಬ್ರೂ ಮಾತನಾಡುವವರು ಸ್ಥಳೀಯರು, ಗ್ರೀಕ್ ಮಾತಿನವರು ಹೊರಗಿನಿಂದ ಬಂದವರು. ಪ್ರೇಷಿತರು ಏನು ಮಾಡಿದರು ನೋಡಿ. ತಪ್ಪು ಮಾಡಿದವರು ಯಾರು ಅಂತ ಹುಡುಕಿದ ಸುದ್ದಿ ಅಲ್ಲಿಲ್ಲ. ನಮ್ಮ ಹಾಗೆ ಭಾಷಣ ಮಾಡಿದ್ದೂ ಇಲ್ಲ. ಸಭೆ ಸೇರಿಸಿ, ಹಂಚುವ ಕೆಲಸಕ್ಕೆ ಏಳು ಜನರನ್ನು ಆರಿಸಿ ಅಂದರು. ಆರಿಸಿದ ಏಳು ಹೆಸರುಗಳೂ, ಸ್ತೇಫನನಿಂದ ಹಿಡಿದು ಅಂತಿಯೋಕ್ಯದ ನಿಕೊಲಾಸನವರೆಗೆ, ಗ್ರೀಕ್ ಹೆಸರುಗಳು. ದೂರು ಕೊಟ್ಟ ಕಡೆಯವರ ಕೈಗೇ ಪಟ್ಟಿ ಹೋಯ್ತು. ಆದರೂ ಒಂದು ಮಾತು ಹೇಳಿಬಿಡುತ್ತೇವೆ, ಗುರುಗಳು ಕ್ಷಮಿಸಬೇಕು: ದೂರು ವಿಧವೆಯರದ್ದು, ಆರಿಸಿದ ಏಳು ಜನರಲ್ಲಿ ವಿಧವೆ ಒಬ್ಬರೂ ಇರಲಿಲ್ಲ.

ಇದನ್ನೆಲ್ಲ ಯೋಚಿಸಿ 2024ರ ಮಹಾಸಭೆಯ ನಂತರ ನಾವು ಕೆಲವು ಬದಲಾವಣೆ ಮಾಡಿದ್ದೇವೆ. ಭಯ ಇರುವವರಿಗೆ 'ಪಕ್ಷಪಾತ ಮಾಡಬೇಡಿ' ಅಂತ ಉಪದೇಶ ಮಾಡಿದರೆ ಭಯ ಹೋಗುವುದಿಲ್ಲ. ಆದ್ದರಿಂದ ಪ್ರತಿ ಸಂಘದಿಂದ ವರ್ಷಕ್ಕೆ 500 ರೂಪಾಯಿ, ಅಷ್ಟೇ ಹಣ ಸಂಸ್ಥೆಯಿಂದ, ಸೇರಿಸಿ ಒಂದು ನಿಧಿ ಮಾಡಿದೆವು. ಸ್ಥಳೀಯ ದಾಖಲೆ ಇಲ್ಲದ ಹೊಸ ಸದಸ್ಯೆ ಪಡೆಯುವ ಮೊದಲ ಎರಡು ಆಂತರಿಕ ಸಾಲಕ್ಕೆ ಆ ನಿಧಿ ಹೊಣೆ. ಆ 14 ಜನರ ಸಂಘದಲ್ಲಿ ಈಗ 16 ಜನ, ಲೈನಿನ ಇಬ್ಬರು ಸೇರಿದ್ದಾರೆ. ಬೇರೊಂದು ಸಂಘದಲ್ಲಿ ಸೇರಿಸಿಕೊಂಡ ಒಬ್ಬರು 3,200 ರೂಪಾಯಿ ಬಾಕಿ ಇಟ್ಟು ಹೋದರು, ಅದೂ ನಿಜ. ನಿಧಿಯಿಂದ ಕಟ್ಟಿದೆವು. ಆ ಸಂಘದಲ್ಲಿ ಸ್ವಲ್ಪ ಗೊಣಗಾಟ ಆಯ್ತು, ಆದರೆ ಇನ್ನೊಬ್ಬರನ್ನು ಹೊರಗೆ ಹಾಕುವ ಮಾತು ಬರಲಿಲ್ಲ.

ಫಲಾನುಭವಿಗಳ ಪಟ್ಟಿಯನ್ನು ಈಗ ಆಯಾ ಊರಿನವರು ಮಾಡುವುದಿಲ್ಲ. ಈ ಊರಿನ ಪಟ್ಟಿಯನ್ನು ಆ ಊರಿನ ಪ್ರತಿನಿಧಿಗಳು ಮನೆಮನೆ ಸುತ್ತಿ ಮಾಡುತ್ತಾರೆ, ಲೈನಿನ ಒಬ್ಬರು ಜೊತೆಗಿರುತ್ತಾರೆ. ಕಾನ್ವೆಂಟಿನಿಂದ ಹೆಸರು ಸೇರಿಸುವ ಅಧಿಕಾರವನ್ನು ನಮ್ಮ ಕೈಯಿಂದ ತೆಗೆದಿದ್ದೇವೆ. ಅಡುಗೆ ಅಕ್ಕನಿಗೆ ನಮ್ಮ ಮೇಲೆ ಇನ್ನೂ ಸ್ವಲ್ಪ ಸಿಟ್ಟಿದೆ!

ಗಂಡಸರ ಕೂಟಗಳಲ್ಲಿ ನಾವು ಅಷ್ಟು ಗೆದ್ದಿಲ್ಲ. ಓಕ್ಲಹೋಮದ ಶಿಬಿರದಲ್ಲಿ ಶೆರಿಫ್ ಹುಡುಗರ ಎರಡು ಗುಂಪುಗಳ ನಡುವೆ ಪಂದ್ಯ ಇಟ್ಟಾಗ ಒಬ್ಬರ ಬಾವುಟ ಒಬ್ಬರು ಸುಟ್ಟಿದ್ದರು. ಕಡೆಗೆ ಅವರನ್ನು ಒಂದು ಮಾಡಿದ್ದು ಇಬ್ಬರಿಗೂ ಬೇಕಾದ ಕೆಲಸ. ಶಿಬಿರಕ್ಕೆ ನೀರು ಬರುವುದು ನಿಂತಾಗ, ಲಾರಿ ಸ್ಟಾರ್ಟ್ ಆಗದಿದ್ದಾಗ, ಎರಡೂ ಗುಂಪು ಸೇರಿ ದುಡಿಯಬೇಕಾಯ್ತು. ಅದನ್ನು ನೋಡಿ ನಾವು ಆ ಎರಡು ಊರಿನ ಗಂಡಸರಿಂದ ಕೆರೆ ಹೂಳೆತ್ತುವ ಶ್ರಮದಾನ ಮಾಡಿಸಿದೆವು. ಎರಡು ದಿನ ಚೆನ್ನಾಗಿ ನಡೆಯಿತು, ಒಟ್ಟಿಗೆ ಊಟ ಮಾಡಿದರು, ಫೋಟೋ ತೆಗೆದೆವು. ಮೂರನೇ ದಿನ ಯಾರ ಊರಿನವರು ಹೆಚ್ಚು ಬುಟ್ಟಿ ಮಣ್ಣು ಹೊತ್ತರು ಅಂತ ಲೆಕ್ಕ ಶುರುವಾಯ್ತು. ಒಂದು ಕೆಲಸ ಸಾಲದು, ಬಿಡದೆ ನಡೆಯುವ ಕೆಲಸ ಬೇಕು ಅಂತ ಈಗ ನಮಗೆ ಅನಿಸುತ್ತದೆ. ಕೆರೆಯ ನೀರು ಬಿಡುವ ಜವಾಬ್ದಾರಿಯನ್ನು ಎರಡೂ ಊರಿನ ಜಂಟಿ ಸಮಿತಿಗೆ ಕೊಡಬೇಕು, ಅದರಲ್ಲಿ ಎರಡೂ ಕಡೆ ತವರು ಇರುವ ಹೆಂಗಸರು ಅರ್ಧ ಜನ ಇರಬೇಕು ಅಂತ ನಮ್ಮ ಸೂಚನೆ. ಸಹೋದರರು ಇದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ಆ ತಾಯಿಯ ಫೋನ್ ನಂಬರಿಗೆ ಈಗಲೂ ಆಗಾಗ ಮಾಡುತ್ತೇವೆ. ಸ್ವಿಚ್ ಆಫ್ ಅಂತ ಬರುತ್ತದೆ.

ಊಟಕ್ಕೆ ಇನ್ನೂ ನಲವತ್ತು ನಿಮಿಷ ಇದೆ. ಪ್ರತಿ ಸಂಘದವರೂ ನಡವಳಿ ಪುಸ್ತಕ ತಂದಿದ್ದೀರಿ, ಅದಕ್ಕೇ ತರಲು ಹೇಳಿದ್ದು. ಕಳೆದ ಮೂರು ವರ್ಷದ ಪುಟಗಳನ್ನು ತಿರುವಿ, ಸೇರಲು ಕೇಳಿ 'ಬೇಡ' ಅನಿಸಿಕೊಂಡವರ ಹೆಸರುಗಳನ್ನು ಈ ಬಿಳಿ ಹಾಳೆಯಲ್ಲಿ ಬರೆಯಿರಿ. ಪುಸ್ತಕದಲ್ಲಿ ಬರೆಯದೆ ಬಾಯಿಮಾತಿನಲ್ಲೇ ಕಳಿಸಿದವರು ಇದ್ದರೆ ಅವರದ್ದೂ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಯಾವ ತೋಟ, ಯಾವ ಲೈನು ಅಂತ ಬರೆದರೂ ಸಾಕು. ರೈತ ಕೂಟದವರು ಪಲ್ಪರ್ ಕೇಳಿ ವಾಪಸ್ ಹೋದವರ ಹೆಸರು ಬರೆಯಿರಿ. ಹಾಳೆಯನ್ನು ಪಕ್ಕದಲ್ಲಿ ಕೂತಿರುವ ಬೇರೆ ಊರಿನವರ ಕೈಗೆ ಕೊಡಿ. ಆ ಮನೆಗಳಿಗೆ ಮುಂದಿನ ವಾರ ಹೋಗಿ ಬರುವವರು ಅವರು.